ದೆವ್ವಕ್ಕೊಂದು ರೊಟ್ಟಿ

ಮೊನ್ನೆ ಒಂದು ಸೇಫ್ಟಿ ಪಿನ್ನಿಗಾಗಿ ನನ್ನ ವ್ಯಾನಿಟಿ ಬ್ಯಾಗನ್ನು ಮಂಚದ ಮೇಲೆ ಬೋರಲು ಹಾಕಿದೆ. ಪಿನ್ನೊಂದನ್ನು ಬಿಟ್ಟು ಮಿಕ್ಕೆಲ್ಲವೂ ಬಿತ್ತು. ಬಸ್ಸಿನ ಹಳೆಯ ಟಿಕೇಟುಗಳು, ಮುಚ್ಚಳ ಕಳಕೊಂಡ ಪೆನ್ನು, ಯಾರದೋ ಮದುವೆಯ ಅಕ್ಷತೆ, ಕಾಗದಕ್ಕೇ ಅಂಟಿಹೋದ ಪೆಪ್ಪರಮೆಂಟು. ಎಲ್ಲಕ್ಕಿಂತ ಕೊನೆಗೆ ಕರವಸ್ತ್ರದಲ್ಲಿ ಸುತ್ತಿಟ್ಟ ಅರ್ಧ ಉರಿದ ಮೇಣದಬತ್ತಿ ಉರುಳಿ ಬಂತು. ಅದರ ಮೈಗೆ ಎರಡು ಎಳ್ಳು ಕಾಳು ಅಂಟಿಕೊಂಡಿದ್ದವು. ಸಜ್ಜಿ ರೊಟ್ಟಿಯಿಂದ ಉದುರಿದವು, ನನಗೆ ಚೆನ್ನಾಗಿ ಗೊತ್ತು.

ನಮ್ಮವರು ಪೇಪರಿನಿಂದ ತಲೆ ಎತ್ತಿ ನೋಡಿದರು. “ಮನ್ಯಾಗ ಇನ್ವರ್ಟರ್ ಅದ, ಫೋನಿನಾಗ ಬ್ಯಾಟ್ರಿ ಅದ. ಈ ಮೋಂಬತ್ತಿ ಎದಕ್ಕ ಹೊತ್ಕೊಂಡು ತಿರಗಾಕತ್ತೀ?” ಎಂದರು.

“ಅದು ಬೋಧನೋಪಕರಣ” ಎಂದೆ ಗಂಭೀರವಾಗಿ. ಅವರು ನಕ್ಕದ್ದಕ್ಕೆ ಪೇಪರೇ ಅಲುಗಾಡಿತು.

ನೀವು ನಗಬೇಡಿ. ಅದು ನಿಜವಾಗಿಯೂ ಬೋಧನೋಪಕರಣವೇ. ನಾನು ಆಳಂದದ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರು. ಇಪ್ಪತ್ತು ವರ್ಷಗಳಿಂದ ಒಂದು ಹಳೆಯ ಇಂಗ್ಲಿಷ್ ಕಥೆಯನ್ನು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗುತ್ತಿದ್ದೇನೆ. ಕಥೆಯ ಹೆಸರು ಹೇಳಲಾರೆ, ಹೇಳಿದರೆ ಈಗಲೂ ನನ್ನ ಕುತ್ತಿಗೆಯ ಹಿಂಭಾಗ ತಣ್ಣಗಾಗುತ್ತದೆ. ಕಥೆ ಚಿಕ್ಕದು. ಮಳೆಗಾಳಿಯ ಒಂದು ಸಂಜೆ, ಗುಡ್ಡದ ಮೇಲೆ ನೂರು ಕೋಣೆಗಳ ಹಳೆಯ ಬಂಗಲೆ. ದಾರಿ ತಪ್ಪಿದ ಪ್ರಯಾಣಿಕನೊಬ್ಬ ಬಾಗಿಲು ಬಡಿಯುತ್ತಾನೆ. ಬಿಳಿ ಬಟ್ಟೆ ಉಟ್ಟ ಉದ್ದನೆಯ ಮುದುಕಿಯೊಬ್ಬಳು ಮೇಣದಬತ್ತಿ ಹಿಡಿದು ಬಾಗಿಲು ತೆರೆಯುತ್ತಾಳೆ. ಅವಳ ಸೊಂಟದಲ್ಲಿ ಕೀಲಿಕೈ ಗೊಂಚಲು. ಬಾಯಲ್ಲಿ ಮಾತಿಲ್ಲ. ಅವನನ್ನು ಮೆಟ್ಟಿಲು ಹತ್ತಿಸಿ ಒಂದು ಕೋಣೆ ತೋರಿಸಿ ಹೊರಟುಹೋಗುತ್ತಾಳೆ. ಬೆಳಗಿನವರೆಗೂ ಅವನಿಗೆ ಕೀಲಿಕೈ ಸದ್ದು ಕೇಳುತ್ತಲೇ ಇರುತ್ತದೆ. ಮರುದಿನ ಕೆಳಗಿನ ಊರಿನವರು ಹೇಳುತ್ತಾರೆ, ಆ ಮುದುಕಿ ಸತ್ತು ನಲವತ್ತು ವರ್ಷವಾಯಿತು ಎಂದು. ಅಷ್ಟೇ.

ಇಷ್ಟು ಬರೆಯುವಾಗಲೇ ನಾನೊಮ್ಮೆ ಹಿಂತಿರುಗಿ ನೋಡಿದೆ ಎಂಬುದನ್ನು ಒಪ್ಪಿಕೊಂಡುಬಿಡುತ್ತೇನೆ. ಹುಟ್ಟಾ ಪುಕ್ಕಲಿ ನಾನು. ಜೇವರ್ಗಿಯಲ್ಲಿ ನಮ್ಮ ಮನೆಯ ನಡುವೆ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಜೋಳದ ಚೀಲ, ಬೆಲ್ಲದ ಪೆಂಟಿ, ಉಪ್ಪಿನ ಗಡಿಗೆ ಎಲ್ಲ ಅಲ್ಲಿಯೇ. ಅವ್ವ ಒಲೆಯ ಮುಂದೆ ಕುಳಿತು “ಒಂದೀಟು ಬೆಲ್ಲ ತಗೊಂಬಾ” ಎಂದರೆ ನನಗೆ ಕೈಕಾಲು ತಣ್ಣಗಾಗುತ್ತಿದ್ದವು. ಗಟ್ಟಿಯಾಗಿ ಮಗ್ಗಿ ಹೇಳುತ್ತ ಒಳಗೆ ನುಗ್ಗುವುದು, ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಬಾಚುವುದು, ಹೊರಗೆ ಹಾರುವುದು. ಹೀಗೆ ಒಂದು ಹಬ್ಬದ ದಿನ ಹೋಳಿಗೆಯ ಹೂರಣಕ್ಕೆ ಉಪ್ಪಿನ ಹರಳು ತಂದುಕೊಟ್ಟಿದ್ದೆ. ಅವ್ವನೂ ಮಾತಿನ ಭರದಲ್ಲಿ ನೋಡದೆ ಹಾಕಿಬಿಟ್ಟಳು. ಆ ಹೋಳಿಗೆಯನ್ನು ಕಚ್ಚಿದ ನಮ್ಮ ಸೋದರಮಾವನ ಮುಖ ಇವತ್ತಿಗೂ ಕಣ್ಣ ಮುಂದಿದೆ. ದೆವ್ವ ಕಂಡವರ ಮುಖ ಹೇಗಿರುತ್ತದೆ ಎಂದು ಮೊದಲು ತಿಳಿದದ್ದು ನನಗೆ ಅಂದೇ.

ಇಂಥವಳಿಗೆ ದೆವ್ವದ ಕಥೆಯ ಮೇಲೆ ಯಾಕಿಷ್ಟು ಪ್ರೀತಿ ಎಂದು ನೀವು ಕೇಳಬಹುದು. ನಾಲಿಗೆ ಸುಡುತ್ತದೆ ಎಂದು ಗೊತ್ತಿದ್ದೂ ಮಿರ್ಚಿ ತಿನ್ನುವವರನ್ನು ಕೇಳಿ, ಅವರೇ ಹೇಳುತ್ತಾರೆ. ಅಲ್ಲದೆ ಮಕ್ಕಳು ಇಂಗ್ಲಿಷಿಗೆ ಹೆದರುತ್ತಾರೆ. ಅದಕ್ಕಿಂತ ದೊಡ್ಡ ಹೆದರಿಕೆಯೊಂದನ್ನು ಮುಂದಿಟ್ಟರೆ ಇಂಗ್ಲಿಷಿನದು ತಾನಾಗಿಯೇ ಸಣ್ಣದಾಗುತ್ತದೆ ಎಂಬುದು ನಾನೇ ಕಂಡುಹಿಡಿದ ಬೋಧನಾ ತತ್ವ. ಮೊದಲ ಪ್ರಯೋಗ ನಡೆದದ್ದು ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ. ನನ್ನ ಮೊದಲ ಪೋಸ್ಟಿಂಗ್ ಅದು. ಮಟಮಟ ಮಧ್ಯಾಹ್ನ ಎಲ್ಲ ಕಿಟಕಿ ಮುಚ್ಚಿಸಿ, ಮೇಣದಬತ್ತಿ ಹಚ್ಚಿ, ಪಿಸುಗುಟ್ಟುವ ದನಿಯಲ್ಲಿ ಓದತೊಡಗಿದೆ. ಮುದುಕಿ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾಳೆ, ಮಕ್ಕಳು ಉಸಿರು ಬಿಗಿಹಿಡಿದಿದ್ದಾರೆ. ಅಷ್ಟರಲ್ಲಿ ಸಕ್ಕರೆ ಕಾರ್ಖಾನೆಯ ಸೈರನ್ ಭೋಂ ಎಂದು ಕೂಗಿತು. ದಿನಾ ಕೂಗುವ ಸೈರನ್ನೇ. ಮಕ್ಕಳಲ್ಲಿ ಒಬ್ಬರೂ ಮಿಸುಕಲಿಲ್ಲ. ಚೀರಿಕೊಂಡು ಕುರ್ಚಿ ಹತ್ತಿ ನಿಂತವಳು ನಾನು. ಆಮೇಲೆ ಆ ಊರಿನಲ್ಲಿದ್ದ ಆರು ವರ್ಷವೂ ನನ್ನ ಹೆಸರು ದೆವ್ವದ ಟೀಚರ್.

ಮೇಣದಬತ್ತಿಯ ಮೈಗೆ ಎಳ್ಳು ಹತ್ತಿದ ಕಥೆ ಹೇಳಲು ಹೊರಟವಳು ಎಲ್ಲೆಲ್ಲೋ ಹೋದೆ. ಅದಾದದ್ದು ಈಚೆಗೆ, ಮಾದನಹಿಪ್ಪರಗಾದಲ್ಲಿ. ಅಲ್ಲಿ ಹನ್ನೆರಡು ಜನ ಹೆಂಗಸರು ಸೇರಿ ಜೋಳದ ರೊಟ್ಟಿ ಬಡಿದು ಮಾರುವ ಒಂದು ಗುಂಪು ಕಟ್ಟಿಕೊಂಡಿದ್ದಾರೆ. ಗುಂಪಿನ ಮುಂದಾಳು ಜಗದೇವಕ್ಕ. ಐವತ್ತೈದು ದಾಟಿದ ಗಟ್ಟಿ ಜೀವ, ಮೊಳಕೈವರೆಗೆ ಸದಾ ಹಿಟ್ಟು, ಬಾಯಿ ತೆರೆದರೆ ಬಸ್ ಸ್ಟ್ಯಾಂಡಿನವರೆಗೂ ಕೇಳಬೇಕು. ಈ ಜಗದೇವಕ್ಕ ಒಂದು ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಆಳಂದಕ್ಕೆ ಬಂದು, ನಮ್ಮ ಶಾಲೆಯ ಗೇಟಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು.

“ಟೀಚರ್, ನಂಗ ಇಂಗ್ಲಿಷ್ ಕಲಸ್ರಿ. ದೊಡ್ಡ ಮಂದಿಗಿ ಬೈಯೂದದ” ಎಂದಳು.

ನಾನು ಗಾಬರಿಯಾಗಿ ಏನೆಂದು ವಿಚಾರಿಸಿದೆ. ಹಿಂದಿನ ವರ್ಷ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ರೊಟ್ಟಿ ಗುಂಪುಗಳ ಮೇಳ ಅಫಜಲಪುರದಲ್ಲಿ ನಡೆದಿತ್ತಂತೆ. ದೂರದಿಂದ ದೊಡ್ಡ ಮಂದಿ ನೋಡಲು ಬಂದಿದ್ದರು. ಹೆಂಗಸರು ನಸುಕಿನಲ್ಲೆದ್ದು ಸಾಲು ಒಲೆ ಹೂಡಿ ಮಧ್ಯಾಹ್ನದವರೆಗೆ ರೊಟ್ಟಿ ಬಡಿದರು. ಬಂದವರೆಲ್ಲ ಉಂಡರು, ಫೋಟೋ ತೆಗೆದರು, ಕಟ್ಟಿಸಿಕೊಂಡೂ ಹೋದರು. ಬಡಿದವರ ಪಾಳಿ ಬರುವಷ್ಟರಲ್ಲಿ ಬುಟ್ಟಿ ಖಾಲಿ. ಅವರ ಕೈಗೆ ಒಂದೊಂದು ಬಿಸ್ಕಿಟ್ ಪುಡಿಕೆ ಕೊಟ್ಟರು. ಅದೇ ಹೊತ್ತಿಗೆ ಜಗದೇವಕ್ಕನನ್ನು ವೇದಿಕೆಗೆ ಕರೆದು ನಾಲ್ಕು ಮಾತಾಡು ಎಂದರು.

“ಐದ್ ಮಿನಿಟ್ ಬೈದೇನ್ರಿ ನಾ! ಬಡದಾಕಿ ಉಪಾಸ ಕುಂತಾಳ, ನಿಮಗ ನಾಚಿಕಿ ಬರಂಗಿಲ್ಲೇನು ಅಂದೆ. ಉಂಡೇನಬೇ ಅಂತ ಒಬ್ಬರರ ಕೇಳಿರೇನು ಅಂದೆ. ಬಾಜೂಕ ಒಂದು ಹುಡುಗಿ ನಿಂತಿತ್ತರಿ, ನಾ ಅಂದಿದ್ದು ಅವರಿಗಿ ಇಂಗ್ಲಿಷಿನಾಗ ಹೇಳಾಕ. ಅಕಿ ಎಲ್ಲಾ ಕೇಳಸ್ಕೊಂಡು ಏನಂದ್ಲು ಗೊತ್ತದೇನ್ರಿ? ‘ಶೀ ಸೇಸ್ ಶೀ ಈಸ್ ವೆರಿ ಹ್ಯಾಪಿ’ ಅಂದ್ಲು! ಎಲ್ಲಾರೂ ಚಪ್ಪಾಳಿ ಹೊಡದ್ರು. ಹ್ಯಾಪಿ ಅಂದ್ರ ಖುಷಿ ಅಂಬೂದು ನಂಗ ಗೊತ್ತಿಲ್ಲೇನ್ರಿ? ಹುಟ್ಟಿದಬ್ಬಕ್ಕ ಕೂಸುಗಳು ಸುದ್ದಾ ಹಾಡ್ತಾವ!”

ಈ ವರ್ಷದ ಮೇಳ ಜೇವರ್ಗಿಯಲ್ಲಿ, ಸುಗ್ಗಿ ಮುಗಿದ ಮೇಲೆ. ಅಷ್ಟರಲ್ಲಿ ತನ್ನ ಮಾತನ್ನು ತಾನೇ ಇಂಗ್ಲಿಷಿನಲ್ಲಿ ಆಡಬೇಕು, ನಡುವೆ ಯಾರೂ ಬರಬಾರದು. ಇದು ಜಗದೇವಕ್ಕನ ಹಟ. ಹೇಳುವಾಗ ಅವಳ ಕಣ್ಣಂಚು ಒದ್ದೆಯಾಗಿತ್ತು. ಸಿಟ್ಟಿಗೋ ದುಃಖಕ್ಕೋ ತಿಳಿಯಲಿಲ್ಲ. ಹೂಂ ಎಂದೆ.

ಮರು ಶನಿವಾರದಿಂದ ಮಾದನಹಿಪ್ಪರಗಾದ ಸಮುದಾಯ ಭವನದಲ್ಲಿ ನಮ್ಮ ಕ್ಲಾಸು ಶುರು. ಹನ್ನೆರಡೂ ಜನ ಬಂದರು. ಹೊಲಿಗೆ ಮಷಿನ್ನಿನ ಶಮೀಮ ಬಂದಳು, ಚುರುಕು ನಾಲಿಗೆಯವಳು, ಯಾವ ಮಾತೂ ನೆಲಕ್ಕೆ ಬೀಳಗೊಡುವವಳಲ್ಲ. ಎಪ್ಪತ್ತು ದಾಟಿದ ಕಾಶೀಬಾಯಿಯೂ ಬಂದಳು. ಇಂಗ್ಲಿಷ್ ತನಗೆ ಬೇಡ, ಫ್ಯಾನಿನ ಗಾಳಿ ಸಾಕು ಎಂದು ಮೊದಲೇ ಹೇಳಿ ಗೋಡೆಗೊರಗಿ ಕುಳಿತಳು. ನಾನು ಬಜಾರಿನಿಂದ ಇಂಗ್ಲಿಷ್ ಮಾತಾಡಲು ಕಲಿಸುವ ಒಂದು ಪುಸ್ತಕ ಒಯ್ದಿದ್ದೆ. ಮೊದಲ ಪಾಠ ವಿಮಾನ ನಿಲ್ದಾಣದಲ್ಲಿ, ಎರಡನೆಯದು ದೊಡ್ಡ ಹೋಟೆಲಿನಲ್ಲಿ, ಮೂರನೆಯದು ಈಜುಕೊಳದ ದಂಡೆಯಲ್ಲಿ. ಎರಡು ತಿಂಗಳು ಹೀಗೆ ವಿಮಾನದಲ್ಲಿ ಹಾರಿ ಕೊಳದಲ್ಲಿ ಈಜಿದರೂ ಒಬ್ಬರ ಬಾಯಿಂದಲೂ ಒಂದು ಶಬ್ದ ಹೊರಡಲಿಲ್ಲ. ಬಸ್ ಸ್ಟ್ಯಾಂಡಿಗೆ ಕೇಳುವ ದನಿಯ ಜಗದೇವಕ್ಕನಂತೂ ಇಂಗ್ಲಿಷ್ ಎಂದೊಡನೆ ಸೆರಗು ಬಾಯಿಗೆ ಅಡ್ಡ ಹಿಡಿದು ಮದುವಣಗಿತ್ತಿಯ ಹಾಗೆ ನೆಲ ನೋಡುತ್ತಿದ್ದಳು.

ಆದರೆ ಪ್ರತಿ ಶನಿವಾರ ನಾನು ಬಸ್ಸಿಳಿದು ಒಳಗೆ ಕಾಲಿಡುವಷ್ಟರಲ್ಲಿ ತಂಬಿಗೆ ನೀರು, ಹಿಂದೆಯೇ ತಾಟು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಪುಂಡಿ ಪಲ್ಯ, ಒಂದು ಉಳ್ಳಾಗಡ್ಡಿ. “ಮೊದಲ ಉಣ್ರಿ, ಪಾಠ ಎಲ್ಲಿ ಓಡಿ ಹೋಗ್ತದ” ಎನ್ನುವಳು ಜಗದೇವಕ್ಕ. ನಾನೂ ಸಂಕೋಚವಿಲ್ಲದೆ ಉಣ್ಣುತ್ತಿದ್ದೆ. ಅವಳು ಏನೂ ಕಲಿಯಲಿಲ್ಲ, ನಾನು ಮಾತ್ರ ಎರಡು ಕಿಲೋ ಏರಿದೆ.

ಹೀಗೆ ಎಲ್ಲ ದಾರಿ ಮುಚ್ಚಿದಾಗ ನನ್ನ ಹಳೆಯ ತತ್ವ ನೆನಪಾಯಿತು. ಒಂದು ಶನಿವಾರ ಮೇಣದಬತ್ತಿ ಖರೀದಿಸಿ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ಮಧ್ಯಾಹ್ನದ ಮೂರು ಗಂಟೆ. ಬಾಗಿಲು ಕಿಟಕಿ ಎಲ್ಲ ಮುಚ್ಚಿಸಿದೆ. ಗಾಳಿಗೆ ಬತ್ತಿ ಆರುತ್ತದೆಂದು ಫ್ಯಾನನ್ನೂ ನಿಲ್ಲಿಸಿದೆ, ಕಾಶೀಬಾಯಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಹನ್ನೊಂದು ಜನ ಬೆವರೊರೆಸಿಕೊಳ್ಳುತ್ತ ಕೂತರು, ಒಬ್ಬಳು ಬೈಯುತ್ತ ಕೂತಳು. ನಾನು ಒಂದು ಸಾಲು ಇಂಗ್ಲಿಷಿನಲ್ಲಿ ಓದಿ, ಮರುಸಾಲು ಕನ್ನಡದಲ್ಲಿ ಹೇಳುತ್ತ ಬಂದೆ. ಬಾಗಿಲು ತೆರೆಯಿತು, ಮುದುಕಿ ಕಂಡಳು, ಮಾತಿಲ್ಲದೆ ಮೆಟ್ಟಿಲು ಹತ್ತಿದಳು, ಕೋಣೆ ತೋರಿಸಿ ಮಾಯವಾದಳು. ಓದುತ್ತ ಓದುತ್ತ ನನ್ನ ಮೈಯ ರೋಮವೇ ಎದ್ದು ನಿಂತಿತು. ಇವರೂ ಹೆದರಲಿ ಎಂದು ಪುಸ್ತಕದಿಂದ ತಲೆ ಎತ್ತಿ ಸುಮ್ಮನಾದೆ.

ಶಮೀಮ ಕೈ ಎತ್ತಿದಳು. “ಟೀಚರ್, ನೀರು ಕೊಟ್ಟಳಿಲ್ಲೇನ್ರಿ?”

“ಯಾರು? ಯಾರಿಗೆ?”

“ಆ ಮುದುಕಿರಿ. ಮೆಹಮಾನ ಬಂದಾನ, ಮಳ್ಯಾಗ ತೊಯ್ದಾನ. ಕಾಲಿಗಿ ನೀರು, ಕುಡೀಲಿಕ್ಕ ನೀರು ಕೊಡಬೇಕಲ್ರಿ?”

ನಾನು ಪುಸ್ತಕದಲ್ಲಿ ಕಣ್ಣಾಡಿಸಿದೆ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನೀರಿನ ಮಾತು ಎಲ್ಲಿಯೂ ಇರಲಿಲ್ಲ. ಇಲ್ಲ ಎಂದೆ.

“ಊಟ?”

ಊಟವೂ ಇರಲಿಲ್ಲ. ಭವನದಲ್ಲಿ ಗುಜುಗುಜು ಎದ್ದಿತು. ನೂರು ಕೋಣೆಯ ಮನೆಯಂತೆ, ಅದರಲ್ಲಿ ಒಂದು ರೊಟ್ಟಿ ಇಲ್ಲವಂತೆ! ಇದೆಂಥ ಮನೆತನ ಎಂದು ಒಬ್ಬಳು, ಹೆಣ್ಣು ಕೊಡುವ ಮನೆಯಲ್ಲ ಎಂದು ಇನ್ನೊಬ್ಬಳು. ಗೋಡೆಗೊರಗಿದ್ದ ಕಾಶೀಬಾಯಿ ನೆಟ್ಟಗೆ ಕುಳಿತು, “ಆ ಮನ್ಯಾಗ ಒಲೀ ಹತ್ತಿದಂಗ ಕಾಣಂಗಿಲ್ಲ” ಎಂದು ತೀರ್ಪು ಕೊಟ್ಟಳು. ನಾನು ಪರಿಸ್ಥಿತಿ ಕೈಮೀರುವುದನ್ನು ಕಂಡು ಅವಸರದಿಂದ ಕೊನೆಯ ಸಾಲು ಓದಿದೆ. ಆ ಮುದುಕಿ ಸತ್ತು ನಲವತ್ತು ವರ್ಷ! ಎನ್ನುತ್ತಲೇ ಉಫ್ ಎಂದು ಬತ್ತಿ ಆರಿಸಿದೆ.

ಕತ್ತಲು ಕವಿಯಿತು. ಇನ್ನು ಒಬ್ಬರಾದರೂ ಚೀರಬೇಕು ಎಂದು ಕಾದೆ. ಕತ್ತಲಲ್ಲಿ ಜಗದೇವಕ್ಕನ ದೊಡ್ಡ ನಿಟ್ಟುಸಿರು ಕೇಳಿಸಿತು.

“ಅಯ್ಯ ಪಾಪ. ಉಣಲಾರದೇ ಸತ್ತಾಳ.”

ನಾನು ಎದ್ದು ಕಿಟಕಿ ತೆರೆದೆ. ಹಾಗೆ ಕಥೆಯಲ್ಲಿ ಎಲ್ಲೂ ಬರೆದಿಲ್ಲ, ಅವಳು ಬಂಗಲೆಯ ಒಡತಿ, ದೊಡ್ಡ ಶ್ರೀಮಂತೆ ಎಂದು ತಿಳಿಹೇಳಲು ನೋಡಿದೆ. ಜಗದೇವಕ್ಕ ಒಪ್ಪಲಿಲ್ಲ.

“ಒಡತಿ ಹ್ಯಾಂಗಾಗ್ತಾಳ್ರಿ? ಒಡತಿ ಎದ್ದು ಬಂದು ತಾನೇ ಬಾಗಲಾ ತಗೀತಾಳೇನು? ಮೋಂಬತ್ತಿ ಹಿಡಕೊಂಡು ಮೆಟ್ಟಲಾ ಹತ್ತಿ ಹಾಸಗಿ ತೋರಸ್ತಾಳೇನು? ಇಕಿ ಕೆಲಸದಾಕಿರಿ. ನೂರು ಕ್ವಾಣಿ ಕಸಾ ಹೊಡದಾಕಿ, ಎಲ್ಲಾರಿಗೂ ಬೇಸಿ ಹಾಕಿದಾಕಿ. ನೀ ಉಂಡೇನು ಅಂತ ಒಬ್ಬರೂ ಕೇಳಿಲ್ಲ ನೋಡ್ರಿ, ಅದಕ್ಕ ಜೀವ ನಿಂತದ. ಈಗೂ ಬಂದವರ ಹಿಂದ ತಿರಗಾಕತ್ತಾಳ, ಇವರರ ಕೇಳ್ತಾರೇನೋ ಅಂತ.”

ಎಲ್ಲರೂ ಹೌದ್ಹೌದು ಎಂದರು. ಇಷ್ಟು ವರ್ಷ ನನ್ನನ್ನು ಹೆದರಿಸಿದ್ದ ಆ ಮುದುಕಿ ಮೊದಲ ಸಲ ನನಗೆ ನಮ್ಮ ಓಣಿಯ ಯಾರೋ ಅಜ್ಜಿಯ ಹಾಗೆ ಕಂಡಳು. ಅವಳ ಬಗ್ಗೆ ಮರುಕ ಉಕ್ಕಿ ಬಂತು. ಇಂಗ್ಲಿಷ್ ಎಂ.ಎ. ಮಾಡುವಾಗ ಇದೇ ಕಥೆಯ ಮೇಲೆ ಹದಿನಾಲ್ಕು ಪುಟ ಬರೆದು ಒಳ್ಳೆಯ ಅಂಕ ತಗೊಂಡವಳು ನಾನು. ಆ ಹದಿನಾಲ್ಕು ಪುಟದಲ್ಲಿ ಎಲ್ಲಿಯೂ ಅವಳ ಊಟದ ವಿಚಾರ ಇರಲಿಲ್ಲ.

ಕಥೆಯನ್ನು ಹೀಗೆ ಬಿಡುವುದು ಸರಿಯಲ್ಲ ಎಂದು ಗುಂಪು ಠರಾವು ಮಾಡಿತು. ಪ್ರಯಾಣಿಕನೇ ಆ ಮುದುಕಿಯನ್ನು ಊಟ ಆಯಿತೇ ಎಂದು ಕೇಳಬೇಕು. ಆಗ ಅವಳಿಗೆ ಮುಕ್ತಿ. ಆಡಿಯೇ ನೋಡೋಣ ಎಂದಳು ಶಮೀಮ. ಇಂಗ್ಲಿಷ್ ದೆವ್ವವಾದ್ದರಿಂದ ಇಂಗ್ಲಿಷಿನಲ್ಲಿಯೇ ಕೇಳಬೇಕು ಎಂದು ನಾನು ಸಿಕ್ಕ ಅವಕಾಶ ಬಿಡದೆ ಸೇರಿಸಿದೆ. “ಹ್ಯಾವ್ ಯೂ ಈಟನ್?” ಎಂದು ಹೇಳಿಕೊಟ್ಟೆ. ಹನ್ನೆರಡು ಬಾಯಿ ಒಮ್ಮೆಲೇ ತೆರೆದವು! ವಿಮಾನ ನಿಲ್ದಾಣದಲ್ಲಿ ಎರಡು ತಿಂಗಳು ಮೂಕರಾಗಿ ನಿಂತವರು ಇದೊಂದು ಮಾತನ್ನು ಹೊಸ ಬಳೆ ಇಟ್ಟ ಕೈಯನ್ನು ತಿರುಗಿಸಿ ತಿರುಗಿಸಿ ನೋಡುವ ಹಾಗೆ ಹತ್ತು ಸಲ ಅಂದರು. ಕಾಶೀಬಾಯಿಯಂತೂ ಕಿಟಕಿಯಾಚೆ ಹಾದುಹೋಗುತ್ತಿದ್ದ ಎಮ್ಮೆಯನ್ನೂ ಕೇಳಿದಳು.

ಶಮೀಮ ತಲೆಗೆ ಟವೆಲ್ ಸುತ್ತಿ ಪ್ರಯಾಣಿಕನಾದಳು. ದೆವ್ವ ಯಾರು? ದೆವ್ವಕ್ಕೆ ಮಾತಿಲ್ಲ, ಸುಮ್ಮನೆ ನಡೆದರಾಯಿತು ಎಂದು ಜಗದೇವಕ್ಕನನ್ನು ಎಬ್ಬಿಸಿದರು. ರೊಟ್ಟಿಯ ಬುಟ್ಟಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಹೊದ್ದು, ಸೊಂಟಕ್ಕೆ ಭವನದ ಕೀಲಿಕೈ ಸಿಕ್ಕಿಸಿ, ಮೇಣದಬತ್ತಿ ಹಿಡಿದು ಅವಳು ಬಾಗಿಲ ಬಳಿ ನಿಂತಳು. ಶಮೀಮ ಬಾಗಿಲು ಬಡಿದಳು, ಒಳಗೆ ಬಂದಳು, ತನ್ನ ಚೀಲದಿಂದ ಒಂದು ಸಜ್ಜಿ ರೊಟ್ಟಿ ತೆಗೆದು ಮುಂದೆ ಹಿಡಿದು ಕೇಳಿದಳು, “ಹ್ಯಾವ್ ಯೂ ಈಟನ್?”

ನಾಟಕ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಜಗದೇವಕ್ಕ ಮೇಣದಬತ್ತಿಯನ್ನು ಎದೆಮಟ್ಟಕ್ಕೆ ಇಳಿಸಿದಳು. ತುಟಿ ಅಲುಗಿತು.

“ನೋ” ಎಂದಳು. ಆಮೇಲೆ “ನೋಬಡಿ ಆಸ್ಕ್” ಎಂದಳು. ಇಲ್ಲ, ಯಾರೂ ಕೇಳಲೇ ಇಲ್ಲ.

ಎರಡು ತಿಂಗಳಲ್ಲಿ ಯಾರೂ ಹೇಳಿಕೊಡದೆ ಅವಳ ಬಾಯಿಂದ ಬಂದ ಮೊದಲ ಇಂಗ್ಲಿಷ್ ಅದು. ಯಾರೂ ನಗಲಿಲ್ಲ. ಶಮೀಮ ರೊಟ್ಟಿ ಮುರಿದು ತಾನೇ ಅವಳ ಬಾಯಿಗಿಟ್ಟಳು. ಮೇಣದಬತ್ತಿಗೆ ಎಳ್ಳು ಹತ್ತಿದ್ದು ಆಗಲೇ. ನಾನು ಬೋರ್ಡ್ ಒರೆಸುವ ನೆಪ ಮಾಡಿ ತಿರುಗಿ ನಿಂತೆ. ಆ ಗೋಡೆಯ ಮೇಲೆ ಬೋರ್ಡ್ ಇರಲಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ನಾನು ಟೀಚರ್ ಬುದ್ಧಿ ತೋರಿಸಿದೆ. ಮೇಳಕ್ಕೆಂದು ಎರಡು ಪುಟದ ಭಾಷಣ ಬರೆದುಕೊಟ್ಟೆ. ಮಾನ್ಯರೇ, ಗಣ್ಯರೇ, ಈ ಸುಸಂದರ್ಭದಲ್ಲಿ, ಇತ್ಯಾದಿ ಎಲ್ಲ ಇಂಗ್ಲಿಷಿನಲ್ಲಿ. ಜಗದೇವಕ್ಕ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹಿಟ್ಟು ನಾದುವಾಗೆಲ್ಲ ಉರುಹೊಡೆದಳು. ಒಂದು ದಿನ ಕೇಳಿದಳು, “ಟೀಚರ್, ಇದರಾಗ ಬೈಗುಳ ಎಲ್ಲಿ ಅದರಿ?”

“ಒಳಗದ ಅಕ್ಕ. ಮರ್ಯಾದೆಯೊಳಗ ಸುತ್ತಿಟ್ಟೀನಿ” ಎಂದೆ.

“ಮ್ಯಾಲಿನ ಸಾಲಿನಾಗ ಹ್ಯಾಪಿ ಅಂತ ಅದಲ್ರಿ?”

ನೋಡಿದೆ. ಇತ್ತು. ಇಲ್ಲಿಗೆ ಬಂದದ್ದು ನನಗೆ ಬಹಳ ಸಂತೋಷ ಎಂದು ನಾನೇ ಮೊದಲ ಸಾಲು ಬರೆದಿದ್ದೆ, ‘ಐ ಆಮ್ ವೆರಿ ಹ್ಯಾಪಿ’ ಎಂದು. ಆ ದುಭಾಷಿ ಹುಡುಗಿಗೂ ನನಗೂ ಏನು ಫರಕು? ನಾಚಿಕೆಯಾಯಿತು. ಆ ಸಾಲು ಹೊಡೆದುಹಾಕಿದೆ. ಉಳಿದದ್ದನ್ನು ಮಾತ್ರ ಧೈರ್ಯ ಸಾಲದೆ ಹಾಗೆಯೇ ಬಿಟ್ಟೆ.

ಜೇವರ್ಗಿಯ ಮೇಳದ ದಿನ ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ನನ್ನೂರು, ನನಗೆ ಪರಿಚಿತ ಸಭಾಂಗಣ, ಆದರೂ ಪರೀಕ್ಷೆಗೆ ಬಂದವಳ ಹಾಗೆ ಭಾಷಣದ ನನ್ನ ಪ್ರತಿಯನ್ನು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದೆ. ಮೂರೂ ತಾಲ್ಲೂಕಿನ ಹೆಂಗಸರು ನಸುಕಿಗೇ ಒಲೆ ಹೂಡಿದ್ದರು. ಹೊರಗಿನಿಂದ ಸುಟ್ಟ ಜೋಳದ ಘಮ ಒಳಗೆ ಬರುತ್ತಿತ್ತು. ವೇದಿಕೆಯ ಮೇಲೆ ಭಾಷಣದ ಮೇಲೆ ಭಾಷಣ. ಎರಡು ಹೊಡೆಯಿತು, ಎರಡೂವರೆ ಹೊಡೆಯಿತು, ಊಟದ ಸುದ್ದಿಯೇ ಇಲ್ಲ. ಈ ಸಲ ನೋಡಲು ಬಂದ ಮುಖ್ಯ ಅತಿಥಿ ಒಬ್ಬ ಹಿರಿಯ ಹೆಂಗಸು. ದೂರದ ಊರಿನವರು, ಕನ್ನಡ ಬಾರದು. ಉದ್ದನೆಯ ಮೈಕಟ್ಟು, ಬಿಳೀ ಕೂದಲು, ಬಿಳೀ ಸೀರೆ. ಬೆಳಗಿನಿಂದ ಒಂದು ಮಾತೂ ಆಡದೆ ನೆಟ್ಟಗೆ ಕುಳಿತಿದ್ದರು.

ಶಮೀಮ ನನ್ನ ತೋಳು ಚಿವುಟಿದಳು. “ಟೀಚರ್! ಅಕೀನೇ ಬಂದಾಳಲ್ರಿ!”

ನನಗೆ ನಗುವೂ ಬಂತು, ಬೆನ್ನೂ ತಣ್ಣಗಾಯಿತು. ಅಷ್ಟರಲ್ಲಿ ಜಗದೇವಕ್ಕನ ಹೆಸರು ಕೂಗಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿದಳು. ಹೋದ ವರ್ಷದ ಅದೇ ದುಭಾಷಿ ಹುಡುಗಿ ಪಕ್ಕದಲ್ಲಿ ಬಂದು ನಿಂತಳು. ಜಗದೇವಕ್ಕ ಕಾಗದ ಬಿಚ್ಚಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ನಾನು ಕೆಳಗಿನಿಂದ ತುಟಿ ಆಡಿಸಿ “ಮಾನ್ಯರೇ” ಎಂದು ಇಂಗ್ಲಿಷಿನಲ್ಲಿ ತೋರಿಸುತ್ತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಸಭೆಯಲ್ಲಿ ಪಿಸುಮಾತು ಹುಟ್ಟಿತು. ದುಭಾಷಿ ಹುಡುಗಿ ಮೈಕಿಗೆ ಕೈ ಚಾಚಿದಳು. ಇನ್ನು ಮುಗಿಯಿತು, ಮತ್ತೆ ಹ್ಯಾಪಿ ಎನ್ನುತ್ತಾರೆ ಎಂದುಕೊಂಡೆ. ಇಷ್ಟು ದಿನದ ಅವಳ ಹಟ ನನ್ನ ಎರಡು ಪುಟದ ಅಡಿಯಲ್ಲಿ ಸಿಕ್ಕಿ ಸಾಯುತ್ತಿದೆ ಎನಿಸಿ ನನ್ನ ಮೇಲೇ ಸಿಟ್ಟು ಬಂತು.

ಜಗದೇವಕ್ಕ ಆ ಬಿಳೀ ಸೀರೆಯ ಹೆಂಗಸನ್ನೇ ನೋಡುತ್ತಿದ್ದಳು. ನೋಡನೋಡುತ್ತ ಕಾಗದವನ್ನು ಮಡಚಿ ಸೊಂಟಕ್ಕೆ ಸೇರಿಸಿದಳು. ಮೈಕು ಬಿಟ್ಟು ಎರಡು ಹೆಜ್ಜೆ ನಡೆದು ಅವರ ಮುಂದೆ ನಿಂತಳು.

“ಮೇಡಂ. ಹ್ಯಾವ್ ಯೂ ಈಟನ್?”

ಮೈಕಿಲ್ಲದಿದ್ದರೇನು, ಆ ದನಿ ಹಿಂದಿನ ಗೋಡೆಗೂ ತಟ್ಟಿತು. ಆ ಹೆಂಗಸು ತಬ್ಬಿಬ್ಬಾದರು. ಬೆಳಗಿನಿಂದ ಅವರಿಗೆ ಶಾಲು ಹೊದಿಸಿದ್ದರು, ಹಾರ ಹಾಕಿದ್ದರು, ಕೈಗೆ ಹೂಗುಚ್ಛ ಕೊಟ್ಟಿದ್ದರು. ಈ ಮಾತು ಮಾತ್ರ ಯಾರೂ ಕೇಳಿರಲಿಲ್ಲ. “ನೋ” ಎಂದರು ಮೆಲ್ಲಗೆ, ಮಗುವಿನ ಹಾಗೆ.

“ದೇ ಆಲ್ಸೋ ನೋ” ಎಂದು ಜಗದೇವಕ್ಕ ಹೊರಗಿನ ಒಲೆಗಳ ಕಡೆ ಕೈ ತೋರಿಸಿದಳು. ಆಮೇಲೆ ಕಟ್ಟೆ ಒಡೆಯಿತು. “ಮಾರ್ನಿಂಗ್ ಫೋರ್, ರೊಟ್ಟಿ. ನೌ ತ್ರೀ, ನೋ ಊಟ. ಲಾಸ್ಟ್ ಇಯರ್ ಗೆಸ್ಟ್ ಈಟ್ ರೊಟ್ಟಿ, ವೀ ಈಟ್ ಬಿಸ್ಕಿಟ್. ನೋಬಡಿ ಆಸ್ಕ್. ಐ ಸ್ಪೀಕ್ ಫೈವ್ ಮಿನಿಟ್. ದಿಸ್ ಗರ್ಲ್ ಸೇ, ಹ್ಯಾಪಿ. ನೋ ಹ್ಯಾಪಿ! ಐ ನಾಟ್ ಹ್ಯಾಪಿ!” ಒಂದು ಉಸಿರು ಎಳೆದುಕೊಂಡು, “ಕಮ್. ಫಸ್ಟ್ ಈಟ್. ಆಲ್, ಒನ್ ಲೈನ್” ಎಂದಳು. ಬರ್ರಿ, ಮೊದಲು ಊಟ, ಎಲ್ಲರೂ ಒಂದೇ ಪಂಕ್ತಿಯಲ್ಲಿ.

ಸಂಘಟಕರೊಬ್ಬರು ಕೈಯಲ್ಲಿದ್ದ ಕಾರ್ಯಕ್ರಮದ ಪಟ್ಟಿ ತೋರಿಸುತ್ತ ಎದ್ದರು, ಇನ್ನೂ ನಾಲ್ಕು ಭಾಷಣ ಬಾಕಿ ಇದ್ದವು. ಆದರೆ ಆ ಬಿಳೀ ಸೀರೆ ಅಷ್ಟರಲ್ಲಿ ಎದ್ದು ಚಪ್ಪಲಿ ಬಿಟ್ಟು ಜಗದೇವಕ್ಕನ ಹಿಂದೆ ನಡೆದಾಗಿತ್ತು. ಅವರ ಹಿಂದೆ ಮೂರು ತಾಲ್ಲೂಕೂ ಎದ್ದಿತು. ದುಭಾಷಿ ಹುಡುಗಿ ಮಾತ್ರ ಮೈಕಿನ ಹತ್ತಿರವೇ ತಲೆ ತಗ್ಗಿಸಿ ನಿಂತಿದ್ದಳು. ಜಗದೇವಕ್ಕ ಬಾಗಿಲಿನಿಂದ ಹೊರಳಿ ನೋಡಿದಳು. ಈಗ ಬೈಯುತ್ತಾಳೆ, ಇಡೀ ವರ್ಷದ್ದು ತೀರಿಸುತ್ತಾಳೆ ಎಂದು ನಾನು ಕಾದೆ.

“ನೀನೂ ಉಂಡಿಲ್ಲಲ್ಲಬೇ? ಮುಂಜಾನಿಂದ ನಿಂತೀಯಲ್ಲ. ಬಾ ಮಗಳ, ನನ್ನ ಬಾಜೂಕ ಕುಂಡ್ರು” ಎಂದಳು. ಆ ಹುಡುಗಿ ಕಣ್ಣೊರೆಸಿಕೊಳ್ಳುತ್ತ ಬಂದಳು. ಕೂರುವ ಮೊದಲು ಪಂಕ್ತಿಯ ಉದ್ದಕ್ಕೂ ಹಿಂಡಿ ಬಡಿಸಿದವಳು ಅವಳೇ.

ನೆಲದ ಮೇಲೆ ಉದ್ದ ಹಾಸುಪಟ್ಟಿ ಹಾಸಿ ಎಲ್ಲರೂ ಸಾಲಾಗಿ ಕೂತೆವು. ಬಡಿದವರು, ನೋಡಲು ಬಂದವರು, ಭಾಷಣ ಉಳಿಸಿಕೊಂಡವರು ಎಲ್ಲ. ಬಿಳೀ ಸೀರೆಯ ಹೆಂಗಸು ನನ್ನ ಪಕ್ಕಕ್ಕೆ ಬಂದರು. ನಾನು ಹಸಿದು ಕಂಗಾಲಾಗಿದ್ದೆ. ಖಡಕ್ ರೊಟ್ಟಿ ಮುರಿದು ಹಿಂಡಿ ಎಣ್ಣೆ ಬೆರೆಸಿ ದೊಡ್ಡ ತುತ್ತು ಬಾಯಿಗೆ ತುರುಕಿದೆ. ಸರಿಯಾಗಿ ಆ ಹೊತ್ತಿಗೇ ಅವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು. ಇವರಿಗೆ ಇಂಗ್ಲಿಷ್ ಕಲಿಸಿದವರು ನೀವೇ ಅಂತೆ, ಯಾವ ಪದ್ಧತಿಯಲ್ಲಿ ಕಲಿಸಿದಿರಿ?

ಇಪ್ಪತ್ತು ವರ್ಷದಿಂದ ನಾನು ಕಾದಿದ್ದ ಪ್ರಶ್ನೆ! ನನ್ನ ತತ್ವ, ಮೇಣದಬತ್ತಿ, ಮುಚ್ಚಿದ ಕಿಟಕಿ, ಹೆದರಿಕೆಯನ್ನು ಹೆದರಿಕೆಯಿಂದ ಗೆಲ್ಲುವುದು, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಆದರೆ ನಾಲಿಗೆಯ ಮೇಲೆ ರೊಟ್ಟಿಯಿತ್ತು. ಖಡಕ್ ರೊಟ್ಟಿಯನ್ನು ಅವಸರದಿಂದ ನುಂಗಲು ಬರುವುದಿಲ್ಲ, ಉಗುಳುವುದು ದೂರದ ಮಾತು. ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಬಿಟ್ಟುಕೊಂಡು, ಕೈ ಆಡಿಸುತ್ತ ಊಂ ಊಂ ಎಂದೆ. ಅವರು ಅರ್ಥವಾಗದೆ ಸುತ್ತ ನೋಡಿದರು.

ಬುಟ್ಟಿ ಹಿಡಿದು ಬಡಿಸುತ್ತ ಬರುತ್ತಿದ್ದ ಜಗದೇವಕ್ಕ ನಮ್ಮ ಮುಂದೆ ನಿಂತಳು. ನನ್ನ ಮುಖವನ್ನು ಒಮ್ಮೆ ಪರೀಕ್ಷಿಸಿ ನೋಡಿ, ಅವರ ಕಡೆ ಬಾಗಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ನನ್ನ ಮಾತನ್ನು ಅವರಿಗೆ ದಾಟಿಸಿದಳು.

“ಶೀ ಸೇಸ್, ಶೀ ಈಸ್ ವೆರಿ ಹ್ಯಾಪಿ.”

ಮತ್ತೊಂದು ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ ಮುಂದೆ ಹೋದಳು. ಈ ಸಲದ ಭಾಷಾಂತರದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.